ಮಂಗಳವಾರ, ಎಂಟೂವರೆಗೆ

ಕಸ್ತೂರಿ ಗಿರಣಿಯ ಶಟರನ್ನು ಅರ್ಧಕ್ಕೆ ಎಳೆದವಳು ಮತ್ತೆ ಮೇಲೆತ್ತಿ ಒಳಗೆ ನುಗ್ಗಿದಳು. ಹಿಟ್ಟಿನ ಡಬ್ಬಿಗಳ ಹಿಂದೆ ಕೈ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಹೆಂಗಸರ ಸಂಘದ ಸಾಲದ ಕಾರ್ಡನ್ನು ಎಳೆದು ನಡುವಿಗೆ ಸಿಕ್ಕಿಸಿಕೊಂಡಳು. ಕಾರ್ಡಿನ ಮೇಲಿದ್ದ ಫೋಟೋ ಯಮನವ್ವನದು. ಹೆಸರು, ಸಹಿ ಎಲ್ಲವೂ ಯಮನವ್ವನದೇ. ಅದರ ಮೇಲೆ ಎತ್ತಿದ ಸಾಲದಲ್ಲಿ ತಿರುಗುತ್ತಿದ್ದದ್ದು ಮಾತ್ರ ಕಸ್ತೂರಿಯ ಗಿರಣಿ. ಈ ಸಂಗತಿ ಇಬ್ಬರಿಗೇ ಗೊತ್ತಿತ್ತು. ಆ ಇಬ್ಬರಲ್ಲಿ ಒಬ್ಬಳು ಇವತ್ತು ನಸುಕಿನಲ್ಲಿ ರೊಟ್ಟಿ ಬಡಿಯಲು ಕೂತವಳು ಗೋಡೆಗೆ ಒರಗಿ ಹಾಗೇ ಹೋಗಿಬಿಟ್ಟಿದ್ದಳು.

"ಏನ ಹುಡುಕಾಕತ್ತಿ? ಹೊತ್ತಾತು, ಮಣ್ಣಿಗೆ ಹೋಗೂದೈತಿ," ಎಂದು ಗಂಡ ಶೆಟ್ಟೆಪ್ಪ ಹೊರಗಿನಿಂದ ಕೂಗಿದ.

"ಏನಿಲ್ಲ. ಮೇನ್ ಸ್ವಿಚ್ ಬಂದ್ ಮಾಡೂದ ಮರತಿದ್ನಿ."

ಕಾರ್ಡನ್ನು ಇಲ್ಲೇ ಬಿಟ್ಟು ಹೋದರೆ ಯಾರಾದರೂ ಕಂಡಾರು. ಒಯ್ದರೆ ಅಲ್ಲಿ ಯಾರಾದರೂ ಕಂಡಾರು. ಹೆದರಿದವರ ತಲೆಯೇ ಹಾಗೆ, ಎರಡೂ ಕಡೆಯ ಬಾಗಿಲು ತಾನೇ ಹಾಕಿಕೊಂಡು ನಡುವೆ ನಿಂತುಬಿಡುತ್ತದೆ. ಒಯ್ಯುವುದೆಂದೇ ಹೊರಟಳು.

ಮೂಡಲಗಿಯ ಆ ಭಾಗದಲ್ಲಿ ಯಮನವ್ವನ ಮನೆ ಎರಡು ಓಣಿ ಆಚೆ. ಪಡಸಾಲೆಯ ಗೋಡೆಗೆ ಒರಗಿಸಿ ಅವಳನ್ನು ಕೂರಿಸಿದ್ದರು. ಲಿಂಗವಂತರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಹಣೆಯ ತುಂಬ ವಿಭೂತಿ, ಕೊರಳಿಗೆ ಹಾರ, ಗದ್ದ ಜಾರದಂತೆ ತಲೆಗೆ ಸುತ್ತಿ ಬಿಗಿದ ಬಿಳಿ ಬಟ್ಟೆ. ಮಡಚಿದ ಕಾಲುಗಳ ಮೇಲೆ ಹಸಿರು ಇಳಕಲ್ ಸೀರೆಯ ಮಡಿಲು ಅಗಲವಾಗಿ ಹರಡಿತ್ತು. ಪಕ್ಕದಲ್ಲಿ ಅಯ್ಯನವರು ಮೆಲ್ಲಗೆ ಮಂತ್ರ ಹೇಳುತ್ತಿದ್ದರು.

ಕಸ್ತೂರಿಯ ಎದೆ ಝಲ್ ಎಂದದ್ದು ಹೆಣ ಕಂಡಲ್ಲ, ಅದರ ಎದುರು ಕೂತ ಹೆಂಗಸರನ್ನು ಕಂಡು. ಯಾರೂ ಹೇಳದೆಯೇ ಅವರು ಐದೈದು ಮಂದಿ, ಮೂರು ಸಾಲಾಗಿ ಕೂತಿದ್ದರು. ತರಕಾರಿ ಮಾರುವ ಬಾಳವ್ವ ತನ್ನ ಜಾಗದಲ್ಲಿ. ಬಳೆ ಅಂಗಡಿಯ ಸಾವಿತ್ರವ್ವ ತನ್ನ ಜಾಗದಲ್ಲಿ. ಮೂರನೆಯ ಸಾಲಿನ ತುದಿಯಲ್ಲಿ ಕಸ್ತೂರಿಯದೊಂದು ಜಾಗ ಬಿಟ್ಟಿದ್ದರು. ಮೊದಲ ಸಾಲಿನ ತುದಿಯೂ ಖಾಲಿ ಇತ್ತು. ಅದು ಲೀಡರಿನ ಜಾಗ, ಯಮನವ್ವನದು. ವರ್ಷಗಟ್ಟಲೆ ಪ್ರತಿ ಮಂಗಳವಾರ ಎಂಟೂವರೆಗೆ ಇದೇ ಪಡಸಾಲೆಯಲ್ಲಿ ಸಂಘದ ಮೀಟಿಂಗ್ ಮಾಡಿ ಮಾಡಿ ಅವರ ಮೈಗೆ ಅದು ರೂಢಿಯಾಗಿತ್ತು. ಏನು ಮಾಡುವುದು, ಯಮನವ್ವ ಸತ್ತದ್ದೂ ಮಂಗಳವಾರವೇ. ಗೋಡೆಯ ಗಡಿಯಾರದಲ್ಲಿ ಎಂಟು ಇಪ್ಪತ್ತಾಗಿತ್ತು.

*

ನಾಲ್ಕು ವರ್ಷದ ಹಿಂದೆ ಕಸ್ತೂರಿ ಮೇಲವಂಕಿಯಿಂದ ಬಂದಾಗ ಈ ಊರಿನಲ್ಲಿ ಅವಳಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ. ಶೆಟ್ಟೆಪ್ಪನ ಮೊಣಕಾಲು ಕೆಟ್ಟು, ಕುರಿಯ ಹಿಂದೆ ನಡೆಯಲಾಗದೆ ಹಿಂಡನ್ನೇ ಮಾರಿದ್ದರು. ಮುಚ್ಚಿ ಬಿದ್ದಿದ್ದ ಒಂದು ಹಿಟ್ಟಿನ ಗಿರಣಿ ಬಾಡಿಗೆಗೆ ಸಿಗುತ್ತಿತ್ತು, ಮುಂಗಡವಾಗಿ ಅನಾಮತ್ತು ಇಡಲು ದುಡ್ಡಿರಲಿಲ್ಲ.

ಸಂಘದಲ್ಲಿ ಸಾಲ ಕೇಳಿದರೆ, ಹೊಸಬಳಿಗೆ ಜಾಮೀನು ನಿಲ್ಲಲು ಯಾರೂ ಒಪ್ಪಲಿಲ್ಲ. ಯಮನವ್ವ ಕಡಕ್ ರೊಟ್ಟಿಯ ಬುಟ್ಟಿ ಕೆಳಗಿಟ್ಟು, "ನಾ ನಿಲ್ತೇನಿ. ನನಗ ದಿನಾ ಜ್ವಾಳದ ಹಿಟ್ಟ ಬೇಕು, ಇಕಿಗೆ ಗಿರಣಿ ಬೇಕು. ಇದರಾಗ ತಿಳೀದಿದ್ದ ಏನೈತಿ?" ಎಂದಳು.

ಸಂಘದವರಿಗೆ ದುಡ್ಡಿನ ಪೆಟ್ಟಿಗೆ ಇರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ಕಾರ್ಡನ್ನೂ ಕಂತನ್ನೂ ಯಮನವ್ವನ ಮಡಿಲಿಗೆ ಹಾಕಬೇಕು. ಆಕೆ ಎಣಿಸಿ ವಸೂಲಿಗೆ ಬರುವ ಸಾಹೇಬರಿಗೆ ಕೊಡುತ್ತಿದ್ದಳು. ಮೊದಲ ಮಂಗಳವಾರ ಅಷ್ಟು ಜನರ ಎದುರು ಎದ್ದು ನಡೆಯುವಾಗ ಕಸ್ತೂರಿಯ ಕೈ ಎಷ್ಟು ನಡುಗಿತೆಂದರೆ ನೋಟು ಕೆಳಗೆ ಬಿದ್ದವು. ಹೆಂಗಸರು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಸೊಸೆ ಐಶ್ವರ್ಯಳೂ ನಕ್ಕಳು.

ಯಮನವ್ವ ನಗಲಿಲ್ಲ. "ನಡಗ್ಲಿ ಬಿಡು. ಕೈ ನಡಗಿದ್ರ ರೊಕ್ಕ ಏನ ಕಡಿಮಿ ಆಗೂದಿಲ್ಲ," ಎಂದು ಮಡಿಲು ಇನ್ನಷ್ಟು ಅಗಲ ಮಾಡಿದಳು.

ಗಿರಣಿ ಕೈ ಹತ್ತಿತು. ಬೆಳಗ್ಗೆ ಜೋಳ, ಗೋದಿ, ಬೇಸಿಗೆಯಲ್ಲಿ ಖಾರದ ಪುಡಿ. ಶೆಟ್ಟೆಪ್ಪ ಸ್ಟೂಲಿನ ಮೇಲೆ ಕೂತು ತೂಕ ಮಾಡುವಷ್ಟಾದ. ಮಗಳು ನಂದಿನಿ ಗೋಕಾಕದಲ್ಲಿ ನರ್ಸಿಂಗ್ ಸೇರಿದಳು. ಅವಳ ಹಾಸ್ಟೆಲ್ಲಿನ ದುಡ್ಡು ಕಟ್ಟಿ ಬಂದ ದಿನ ಕಸ್ತೂರಿ ಯಮನವ್ವನ ಮನೆಗೆ ಅರ್ಧ ಕಿಲೋ ಪೇಡೆ ಒಯ್ದಿದ್ದಳು.

*

ಎಂಟೂವರೆಗೆ ಸರಿಯಾಗಿ ಬೈಕು ಬಂತು. ಸಂಘದ ಕಂತು ವಸೂಲಿ ಮಾಡುವ ಹುಡುಗ ಶ್ರೀಶೈಲ. ಪಾಪ, ಅವನಿಗೆ ಯಾರೂ ಸುದ್ದಿ ತಿಳಿಸಿರಲಿಲ್ಲ. ಹೊರಗೆ ರಾಶಿ ಚಪ್ಪಲಿ ಕಂಡು ಇವತ್ತು ಎಲ್ಲರೂ ಹೊತ್ತಿಗೆ ಬಂದಿದ್ದಾರೆಂದು ಖುಷಿಯಲ್ಲೇ ಒಳಗೆ ಕಾಲಿಟ್ಟು, "ನಮಸ್ಕಾರ್ರಿ ಎಲ್ಲಾರಿಗೂ" ಎಂದ.

"ನಮಸ್ಕಾರ್ರಿ ಸರ್," ಎಂದು ಏಳೆಂಟು ಬಾಯಿ ರೂಢಿಯಿಂದ ಅಂದೇಬಿಟ್ಟವು. ಆಮೇಲೆ ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡರು. ಗೋಡೆಗೆ ಒರಗಿ ಕೂತ ಯಮನವ್ವನನ್ನು ಆಗ ಕಂಡ ಹುಡುಗ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಮಗ ಗುರುರಾಜ ಎದ್ದು ಬಂದ. ಹುಕ್ಕೇರಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುವವನು, ಸುದ್ದಿ ಕೇಳಿ ಬೆಳಕು ಹರಿಯುವುದರೊಳಗೆ ಬೈಕ್ ಓಡಿಸಿಕೊಂಡು ಬಂದಿದ್ದ. ಕಣ್ಣು ಕೆಂಪಗಾಗಿದ್ದವು.

ಶ್ರೀಶೈಲನಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು. "ಅಣ್ಣಾರ, ಸಾಲದ ಚಿಂತಿ ಮಾಡಬ್ಯಾಡ್ರಿ. ಅವ್ವಾರ ಹೆಸರಿಗೆ ವಿಮಾ ಐತಿ. ಉಳದದ್ದೆಲ್ಲಾ ಮಾಫ್ ಆಕ್ಕೈತಿ. ಕಾರ್ಡ ಒಂದ ಹುಡುಕಿ ಕೊಡ್ರಿ."

"ಯಾವ ಸಾಲ?"

"ಐವತ್ತ ಸಾವಿರದ್ದು. ಹ್ವಾದ ದೀಪಾವಳಿ ಮುಂದ ತಗೊಂಡಿದ್ರಲ್ರಿ, ರೊಟ್ಟಿ ಅಂಗಡಿ ದೊಡ್ಡದ ಮಾಡಾಕ."

ಗುರುರಾಜ ಅಂಗಳದ ತಗಡಿನ ಶೆಡ್ಡಿನ ಕಡೆ ತಿರುಗಿ ನೋಡಿದ. "ಎಲ್ಲಿ ದೊಡ್ಡದಾಗೇತಿ? ಅದ ಹಂಚು, ಅದ ಒಲಿ." ಮಾತು ಮುಗಿಯುವಷ್ಟರಲ್ಲಿ ಅವನ ಕಣ್ಣು ಹೆಂಡತಿಯ ಮೇಲೆ ನಿಂತಿತು. "ಐಶ್ವರ್ಯಾ. ನಿಮ್ಮಣ್ಣ ಬಾಗೇವಾಡ್ಯಾಗ ಗಾಡಿ ತಗೊಂಡದ್ದು ದೀಪಾವಳಿಗೆ ಅಲ್ಲೇನು?"

ಅಡುಗೆಮನೆಯ ಬಾಗಿಲಲ್ಲಿ ಕೂತು ಅಳುತ್ತಿದ್ದ ಐಶ್ವರ್ಯಳ ಅಳು ಅಲ್ಲೇ ನಿಂತಿತು. "ನಾ ಒಂದ ರೂಪಾಯಿ ಮುಟ್ಟಿಲ್ರಿ. ಅತ್ತಿ ಎದುರಿಗೇ ಆಣಿ ಮಾಡಿ ಹೇಳ್ತೇನಿ."

"ಆಕಿ ಈಗ ಎದ್ದ ಬಂದು ಹೌದಂತಾಳೇನು?"

"ಮಣ್ಣ ಆಗೂಮಟಾ ಸುಮ್ನಿರೋ," ಎಂದ ಕಾಕಾ ಮುರಿಗೆಪ್ಪ, ಯಮನವ್ವನ ಮೈದುನ. "ನಾಳೆ ಇಕಿನ್ನ ತವರಿಗೆ ಕಳಸೂಣು. ಅಲ್ಲೇ ಲೆಕ್ಕಾ ಕೇಳೂಣು."

ಕಸ್ತೂರಿಯ ಸೊಂಟದಲ್ಲಿ ಕಾರ್ಡು ಬೆವರಿಗೆ ಅಂಟಿಕೊಂಡಿತ್ತು. ಮುಂದಿನ ಸಾಲಿನ ಬಾಳವ್ವ ತಲೆ ತಿರುಗಿಸದೆ ಹಿಂದಕ್ಕೆ ವಾಲಿ ಪಿಸುಗುಟ್ಟಿದಳು.

"ನಿನ್ನ ಗಿರಣಿಗೆ ಹೊಸಾ ಮೋಟರ್ ಬಂದದ್ದೂ ದೀಪಾವಳಿಗೇ ಅಲ್ಲೇನ, ಕಸ್ತೂರಿ?"

ಕಸ್ತೂರಿ ಸೆರಗೆಳೆದು ನಡುವನ್ನು ಮುಚ್ಚಿಕೊಂಡಳು.

"ನಾ ಏನೂ ಅನ್ನೂದಿಲ್ಲ. ಸುಮ್ನ ಕುಂಡರ. ಆಕಿ ಜೋಡಿ ಸಾಲಾನೂ ಮಣ್ಣಿಗೆ ಹೊಂಟೈತಿ. ನೀ ಯಾಕ ಅಡ್ಡ ಹೋಗ್ತಿ?"

*

ಹೋದ ದೀಪಾವಳಿಗೆ ಎಂಟು ದಿನ ಇರುವಾಗ ಮೋಟರ್ ಸುಟ್ಟಿತ್ತು. ಚಕ್ಕಲಿ, ಶಂಕರಪೋಳಿ ಹಿಟ್ಟಿಗೆ ಊರೇ ಸಾಲುಗಟ್ಟುವ ಹೊತ್ತು. ಕಸ್ತೂರಿಯ ಹಳೆಯ ಸಾಲ ಇನ್ನೂ ತೀರಿರಲಿಲ್ಲ, ಅದು ತೀರದೆ ಇನ್ನೊಂದು ಕೊಡುತ್ತಿರಲಿಲ್ಲ. ಸುಟ್ಟ ವಾಸನೆಯ ಗಿರಣಿಯಲ್ಲಿ ಅವಳು ಕತ್ತಲಲ್ಲಿ ಕೂತಿದ್ದಾಗ ಯಮನವ್ವ ಬಂದಳು.

"ನನ್ನ ಹೆಸರಿಲೆ ತಗದ ಕೊಡ್ತೇನಿ. ಕಂತ ನೀ ತುಂಬು."

"ಬ್ಯಾಡ್ರಿ ಅಕ್ಕಾರ. ಒಬ್ಬರ ಹೆಸರಿಂದು ಒಬ್ಬರು ತಗೊಂಡದ್ದ ಗೊತ್ತಾದ್ರ ಎಲ್ಲಾ ರೊಕ್ಕ ಒಮ್ಮೆಲೆ ತುಂಬಸ್ಕೊಂಡು ಸಂಘದಿಂದ ಹೊರಗ ಹಾಕ್ತಾರ. ನನಗ ಅಂಜಿಕಿ ಬರ್ತೈತಿ."

"ಅಂಜಿಕಿ ನನಗಿಲ್ಲೇನು? ಗುರುರಾಜಗ ಗೊತ್ತಾದ್ರ ಅಂವ ನನ್ನ ಜೀವಾ ತಿಂತಾನ." ಆಕೆ ನಕ್ಕು, ಮೋಟರಿನ ಮೇಲಿನ ಮಸಿ ಬೆರಳಿಂದ ಒರೆಸಿದಳು. "ಆದ್ರ ಗಿರಣಿ ನಿಂತ್ರ ನಂದಿನಿ ಸಾಲಿ ಬಿಟ್ಟ ಮನೀಗ ಬರ್ತಾಳ. ಅದರಕಿಂತಾ ಇದ ಹಗುರ."

ಹೊಸ ಮೋಟರ್ ಹಬ್ಬಕ್ಕೆ ಮೂರು ದಿನ ಮೊದಲೇ ಬಂದು ಕೂತಿತು. ಅಂದಿನಿಂದ ಕಸ್ತೂರಿ ಒಂದು ಕಂತೂ ತಪ್ಪಿಸಿರಲಿಲ್ಲ. ಗುರುರಾಜನ ಕಣ್ಣಿಗೆ ಬೀಳದಿರಲೆಂದು ತನ್ನಲ್ಲೇ ಇಟ್ಟುಕೊಂಡಿದ್ದ ಆ ಕಾರ್ಡನ್ನು ಸೋಮವಾರ ಸಂಜೆ ದುಡ್ಡಿನ ಜೊತೆ ಒಯ್ದು ಕೊಟ್ಟರೆ, ಮಂಗಳವಾರ ಯಮನವ್ವ ಅದನ್ನು ತನ್ನದೆಂದು ಕಟ್ಟುತ್ತಿದ್ದಳು. ನಿನ್ನೆ ಗಿರಾಕಿ ಹೆಚ್ಚಾಗಿ ಹೋಗಲಾಗಿರಲಿಲ್ಲ. ಕಾರ್ಡು, ದುಡ್ಡು ಎರಡೂ ಕಸ್ತೂರಿಯ ಹತ್ತಿರವೇ ಉಳಿದಿದ್ದವು.

*

"ಇನ್ನ ಎಬ್ಬಸೂಣ್ರಿ. ವಿಮಾನ ತಯಾರ ಐತಿ," ಎಂದರು ಅಯ್ಯನವರು. ಹೆಣವನ್ನು ಕೂರಿಸಿ ಒಯ್ಯುವ, ಹೂ ಕಟ್ಟಿದ ವಿಮಾನವನ್ನು ಹೊರಗೆ ಬಾಗಿಲಿಗೆ ತಂದಿದ್ದರು. ಭಜನೆಯವರು ತಾಳ ಹಾಕತೊಡಗಿದರು.

ಕಸ್ತೂರಿ ಐಶ್ವರ್ಯಳನ್ನು ನೋಡಿದಳು. ಆ ಹುಡುಗಿ ಅಳುತ್ತಿರಲಿಲ್ಲ. ಕಪಾಟಿನ ಮೇಲಿದ್ದ ತನ್ನ ತವರಿನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಈಗ ಸುಮ್ಮನೆ ಕೂತರೆ ಸಾಲ ಹೋಯಿತು, ಗಿರಣಿ ಉಳಿಯಿತು. ಅದೇ ಗಿರಣಿಯ ಹಿಟ್ಟಿನ ರೊಟ್ಟಿ ತಿಂದ ಮನೆಯಲ್ಲಿ ಈ ಹುಡುಗಿ ಕಳ್ಳಿಯಾಗುತ್ತಾಳೆ, ಅದೂ ಜನ್ಮಪೂರ್ತಿ. ಎದ್ದರೆ? ನಂದಿನಿಯ ಹಾಸ್ಟೆಲ್ಲು, ಗಂಡನ ಮೊಣಕಾಲು, ಶಟರಿಗೆ ಬೀಳುವ ಇನ್ನೊಬ್ಬರ ಬೀಗ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಎವ್ವಾ, ನನ್ನ ಕೈಲಾಗುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಎದ್ದಳು.

ಮೂರನೆಯ ಸಾಲಿನಿಂದ ಗೋಡೆಯವರೆಗೆ ಆರು ಹೆಜ್ಜೆ. ನಾಲ್ಕು ವರ್ಷ ನಡೆದದ್ದೇ. ಬಾಳವ್ವ ಸೀರೆಯ ನೆರಿಗೆ ಹಿಡಿದು ಜಗ್ಗಿದಳು, ಕಸ್ತೂರಿ ಬಿಡಿಸಿಕೊಂಡಳು. ಯಮನವ್ವನ ಎದುರು ಮೊಣಕಾಲೂರಿ ಕೂತು, ನಡುವಿನಿಂದ ಕಾರ್ಡು ತೆಗೆದು ಆ ಹಸಿರು ಮಡಿಲಲ್ಲಿಟ್ಟಳು. ಸೆರಗಿನ ಗಂಟು ಬಿಚ್ಚಿ ಈ ವಾರದ ಕಂತನ್ನೂ ಅದರ ಮೇಲಿಟ್ಟಳು. ಕಾರ್ಡಿನ ಮೂಲೆಗಳಲ್ಲಿ ಹಿಟ್ಟು ಮೆತ್ತಿತ್ತು.

ತಾಳ ನಿಂತಿತು.

"ಗುರುರಾಜ," ಎಂದಳು. ಅವನು ತಿರುಗಿದ. "ಗುರುರಾಜ, ಇದು ನನ್ನ ಗಿರಣಿ ಮೋಟರಿನ ಸಾಲ. ನಿಮ್ಮವ್ವಾರು ತಮ್ಮ ಹೆಸರಿಲೆ ತಗದ ಕೊಟ್ಟಿದ್ರು. ಆ ಹುಡುಗಿಗೆ ಏನೂ ಗೊತ್ತಿಲ್ಲಪಾ. ಆಕಿನ್ನ ಏನೂ ಅನಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಶೆಟ್ಟೆಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗುರುರಾಜ ಅವ್ವನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಲಾಗದೆ ನೆಲ ನೋಡಿದ. ಮುರಿಗೆಪ್ಪನಿಗೆ ಎಲ್ಲಿಲ್ಲದ ಕೆಮ್ಮು ಬಂತು.

"ಅಕ್ಕಾರ, ನೀವು ಹಿಂಗ ಅಂದ್ರ ವಿಮಾ ಬರೂದಿಲ್ರಿ," ಎಂದ ಶ್ರೀಶೈಲ. "ನಾ ಮ್ಯಾಲ ತಿಳಸಬೇಕಾಕ್ಕೈತಿ. ತಿಳಸಲಿಲ್ಲಂದ್ರ ನನ್ನ ಕೆಲಸ ಹೊಕ್ಕೈತಿ."

"ತಿಳಸಪಾ. ಉಳದದ್ದು ನಾನ ತುಂಬ್ತೇನಿ. ಒಮ್ಮೆಲೆ ಕೇಳಿದ್ರ ಮಾತ್ರ..."

"ಮಡಲಾಗಿನ ರೊಕ್ಕ ಯಾರರ ತಗೀರಿ," ಎಂದರು ಅಯ್ಯನವರು. "ಹಂಗ ಎಬ್ಬಸಾಕ ಬರೂದಿಲ್ಲ."

ಯಾರೂ ಕೈ ಚಾಚಲಿಲ್ಲ. ಶ್ರೀಶೈಲ ಎರಡು ಹೆಜ್ಜೆ ಹಿಂದೆ ಸರಿದ. ಕಸ್ತೂರಿಯ ಕೈ ಆ ಮಡಿಲ ಮೇಲೇ ಉಳಿದು ಗಡಗಡ ನಡುಗುತ್ತಿತ್ತು, ಹಿಂದಕ್ಕೆ ತೆಗೆದುಕೊಳ್ಳುವುದೂ ಅವಳಿಗೆ ತಿಳಿಯಲಿಲ್ಲ.

ಅಡುಗೆಮನೆಯ ಬಾಗಿಲಿಂದ ಐಶ್ವರ್ಯ ಎದ್ದು ಬಂದಳು. ಗಂಡನ ಪಕ್ಕದಿಂದಲೇ ಹಾದಳು, ಅವನ ಕಡೆ ನೋಡಲಿಲ್ಲ. ಮೊದಲ ಸಾಲಿನ ಖಾಲಿ ಜಾಗದಲ್ಲಿ ಕಾಲು ಮಡಚಿ ಕೂತು, ಮುಂದೆ ಬಾಗಿ ಅತ್ತೆಯ ಮಡಿಲಿನಿಂದ ಕಾರ್ಡನ್ನೂ ನೋಟುಗಳನ್ನೂ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಕಸ್ತೂರಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ನಡಗ್ಲಿ ಬಿಡ್ರಿ, ಅಕ್ಕಾರ," ಎಂದಳು.

ಆಮೇಲೆ ಮಡಿಲನ್ನು ಅಗಲ ಮಾಡಿ ಹಾಗೇ ಕೂತಳು. ಹಿಂದಿನ ಸಾಲಿನಲ್ಲಿ ಬಾಳವ್ವ ಅತ್ತ ಇತ್ತ ನೋಡಿ, "ಉಳದದ್ದಕ್ಕ ನಂದೂ ಒಂದಿಷ್ಟ ಇರ್ಲಿ" ಎಂದು ಗೊಣಗಿ, ಸೆರಗಿನ ಗಂಟು ಬಿಚ್ಚುತ್ತ ಎದ್ದು ನಿಂತಳು.