ಮೂರನೇ ನುಡಿ

ನಮ್ಮವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದು ರಿಟೈರ್ ಆದವರು. ರಿಟೈರ್ ಆದದ್ದು ಕಾರ್ಖಾನೆಯಿಂದ ಮಾತ್ರ. ಸ್ಟೋರ್ಸು ಅವರ ಜೊತೆಗೇ ಮನೆಗೆ ಬಂತು, ಮನೆಯಲ್ಲಿ ಜಾಗ ಸಾಲದೆ ಈಗ ಕ್ಲೌಡಿಗೆ ಹತ್ತಿದೆ. ಫೋಟೊ, ವಿಡಿಯೋ, ಗ್ಯಾಸ್ ಬಿಲ್ಲು, ನನ್ನ ಕನ್ನಡಕದ ಚೀಟಿ, ಎಲ್ಲವನ್ನೂ ಅಲ್ಲಿಗೇ ಏರಿಸುತ್ತಾರೆ. ಪುಕ್ಕಟೆ ಜಾಗ ತುಂಬಿದ ಕೂಡಲೇ ಇನ್ನೊಂದು ಅಕೌಂಟು. ಅವರ ಹೆಸರಿನದು ತುಂಬಿತು, ನನ್ನ ಹೆಸರಿನದೂ ತುಂಬಿತು. ಈಗ ಮಗಳ ಕಾಲೇಜು ಕಾಲದ ಅಕೌಂಟಿನಲ್ಲಿ ಬಾಡಿಗೆಯಿಲ್ಲದೆ ಸಂಸಾರ ಹೂಡಿದ್ದಾರೆ.

ಅಷ್ಟಾದರೆ ಸಹಿಸಬಹುದಿತ್ತು. ಆದರೆ ಒಂದು ಫೈಲಿಗಾದರೂ ಮನುಷ್ಯರು ಇಡುವ ಹೆಸರಿಲ್ಲ. ಎಲ್ಲಕ್ಕೂ ಸ್ಟೋರ್ಸಿನ ಕೋಡು. ನಮ್ಮ ಮದುವೆಯ ಫೋಟೊ ಇರುವುದು ಬೋಲ್ಟು ನಟ್ಟಿನ ಹೆಸರಿನಂಥ ಒಂದು ನಂಬರಿನಲ್ಲಿ. ಕೋಡುಗಳ ಅರ್ಥವನ್ನೆಲ್ಲ ಬರೆದಿಟ್ಟ ಫೈಲು ಒಂದಿದೆಯಂತೆ, ಅದಕ್ಕೂ ಒಂದು ಕೋಡು! ಕೇಳಿದರೆ, "ನನ್ನ ಸಿಸ್ಟಮ್ಮಲ್ಲಿ ಒಂದು ಮೊಳೆ ಕೂಡ ಕಳೆಯಲ್ಲ ಕಣೇ ಸತ್ಯಾ" ಎಂದು ಮೀಸೆ ಸವರಿಕೊಳ್ಳುತ್ತಾರೆ.

ಮಗಳು ಸಮನ್ವಿತಾಳ ಸೀಮಂತದ ಹಿಂದಿನ ದಿನ ವರ್ತೂರಿನಿಂದ ಅವಳ ಫೋನು ಬಂತು.

"ಅಮ್ಮಾ, ನಾಳೆ ಬಳೆ ತೊಡ್ಸೋವಾಗ ಅಜ್ಜಿ ಹಾಡು ಹೇಳ್ತೀಯಲ್ವಾ? ಮೂರು ನುಡಿನೂ ಹೇಳ್ಬೇಕು. ನಂಗೆ ಬೇರೆ ಏನೂ ಬೇಡ, ಸೀರೆ ಯಾವ್ದಾದ್ರೂ ಪರ್ವಾಗಿಲ್ಲ."

ಅವಳನ್ನು ಸಾಕಿದ್ದೇ ನನ್ನ ಅಮ್ಮ. "ನಿನ್ನ ಸೀಮಂತಕ್ಕೆ ನಾನೇ ಹಾಡ್ತೀನಿ ಪುಟ್ಟಿ" ಎಂದು ಮಾತು ಕೊಟ್ಟವಳು, ಹೋದ ವರ್ಷ ಹೊರಟೇ ಹೋದಳು. ಆ ಹಾಡು ನನಗೆ ಬರುವುದು ಎರಡೇ ನುಡಿ. ಯಾರ ಮನೆಯ ಶಾಸ್ತ್ರದಲ್ಲೇ ಆಗಲಿ, ಅಮ್ಮ ಮೂರನೆಯದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಆರತಿಯ ಗಲಾಟೆ ಶುರುವಾಗಿರುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ.

"ಅಪ್ಪ ಒಂದ್ಸಲ ಅಜ್ಜಿ ಹಾಡೋವಾಗ ವಿಡಿಯೋ ಮಾಡಿದ್ರಮ್ಮ. ನಾನು ಕಾಲೇಜಿಗೆ ಹೊರಡ್ತಾ ನೋಡಿದ್ದೆ. ಕ್ಲೌಡಲ್ಲಿ ಇರುತ್ತೆ, ಹುಡುಕ್ಸು" ಎಂದು ಮಗಳು ಫೋನಿಟ್ಟಳು.

ಇವರನ್ನು ಎಳೆದು ತಂದು ಕಂಪ್ಯೂಟರಿನ ಮುಂದೆ ಕೂರಿಸಿದೆ. "ಎಲ್ಲಿ, ನಿಮ್ಮ ಸಿಸ್ಟಮ್ಮಿನ ಪ್ರತಾಪ ತೋರ್ಸಿ ನೋಡೋಣ."

ಬೇರೆ ದಿನವಾಗಿದ್ದರೆ ಅರ್ಧ ಗಂಟೆ ಭಾಷಣವಿರುತ್ತಿತ್ತು. ಅವತ್ತು ತಲೆ ಕೆರೆದುಕೊಂಡು, "ಹಳೇದಲ್ವಾ, ನೋಡೋಣ" ಎಂದಷ್ಟೇ ಅಂದರು. ಇದೇ ಸಮಯ ಅಂತ ನಾನೂ ಬಿಡಲಿಲ್ಲ. "ಏನ್ರೀ, ಮೊಳೆ ಕಳೆಯಲ್ಲ ಅಂತಿದ್ರಿ, ಅತ್ತೆಯನ್ನೇ ಕಳೆದುಬಿಟ್ರಾ?" ಎಂದೆ.

ಹುಡುಕುವ ಜಾಗದಲ್ಲಿ 'ಹಾಡು' ಎಂದು ಹೊಡೆದರು. ನೆಂಟರಿಷ್ಟರು ಕಳಿಸಿದ ಶುಭೋದಯ, ಶುಭರಾತ್ರಿ, ಏಕಾದಶಿಯ ಭಜನೆ ಎಲ್ಲ ದಬದಬ ಬಂದು ಬಿದ್ದವು. ಅಮ್ಮನ ಮುಖ ತೋರಿಸಿ ಹುಡುಕಿದರೆ ಬಂದದ್ದು ಬರೀ ಫೋಟೊ, ಅದರಲ್ಲೂ ಮುಕ್ಕಾಲು ಪಾಲು ಕಣ್ಣು ಮುಚ್ಚಿದವು. ಇವರು ಫೋಟೊ ತೆಗೆಯುವ ಚಂದವೇ ಹಾಗೆ. ಮೂರೂ ಅಕೌಂಟು ಜಾಲಾಡಿದ್ದಾಯಿತು.

"ಸಿಗಲ್ಲ ಅನ್ಸುತ್ತೆ. ಎರಡೇ ನುಡಿ ಹಾಡಿಬಿಡು, ಮಗು ಏನೂ ಅನ್ಕೊಳ್ಳಲ್ಲ" ಎಂದು ಎದ್ದು, ತರಕಾರಿ ಚೀಲ ತೆಗೆದುಕೊಂಡು ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಗ್ಯಾಸ್ ಬಿಲ್ಲು ಜೋಪಾನ, ನಮ್ಮಮ್ಮನ ದನಿ ಬೇಡವಾಯಿತೇ?

ನಾನೇ ಕೂತೆ. ಅಮ್ಮ ಮನೆಯಲ್ಲಿ ಹಾಡುತ್ತಿದ್ದದ್ದು ಯಾವಾಗ? ರುಬ್ಬುವಾಗ. ಮಿಕ್ಸಿಯ ಆರ್ಭಟದ ಮೇಲೆ ದನಿ ಏರಿಸಿ ಹಾಡುತ್ತಿದ್ದಳು. ಇನ್ನು ಈ ಮಹಾನುಭಾವರು ನನ್ನ ಅಡಿಗೆಮನೆಗೆ ಫೋನು ಹಿಡಿದು ಬಂದದ್ದಾದರೂ ಯಾವಾಗ? ಹೊಸ ಮಿಕ್ಸಿ ವಿಪರೀತ ಸದ್ದು ಮಾಡುತ್ತದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಬಿದ್ದಿದ್ದರಲ್ಲ, ಆಗ!

ಒಂದೊಂದೇ ಅಕ್ಷರ ಒತ್ತಿ 'ಮಿಕ್ಸಿ' ಎಂದು ಹೊಡೆದೆ. ಮೊದಲಿಗೇ ಬಂತು ಇವರು ಅಂಗಡಿಗೆ ಬರೆದ ದೂರು. ಫೈಲಿನ ಹೆಸರು ಕೋಡಾದರೇನು, ಒಳಗೆ ಬರೆದದ್ದನ್ನೂ ಕಂಪ್ಯೂಟರು ಓದುತ್ತದಲ್ಲ. 'ಸದ್ದಿನ ವಿಡಿಯೋ ಲಗತ್ತಿಸಿದೆ' ಎಂದು ಬರೆದು, ಅದರ ಕೋಡನ್ನೂ ಕೊಟ್ಟಿದ್ದರು. ಆ ಕೋಡು ಹಾಕಿದೆ. ವಿಡಿಯೋ ತೆರೆಯಿತು.

ಅಮ್ಮನ ಮುಖವಿಲ್ಲ. ಮಿಕ್ಸಿ, ಅದರ ಮುಚ್ಚಳ ಒತ್ತಿ ಹಿಡಿದ ಹಸಿರು ಬಳೆಯ ಕೈ. ಸದ್ದಿನ ಹಿಂದೆ ಅವಳ ದನಿ. ಮೊದಲನೆಯ ನುಡಿ, ಎರಡನೆಯದು. ಕೈ ನೋಡುತ್ತಲೇ ನನ್ನ ಕಣ್ಣು ತುಂಬಿತು. ಮೂರನೆಯದು ಶುರುವಾಗುತ್ತಿದ್ದ ಹಾಗೆ ಕಿವಿಯನ್ನು ಕಂಪ್ಯೂಟರಿಗೇ ಅಂಟಿಸಿದೆ. ಅಷ್ಟರಲ್ಲಿ ಇವರ ಕೈ ಬಂದು ಪಟ್ಟನೆ ಮಿಕ್ಸಿ ನಿಲ್ಲಿಸಿತು. ಅಮ್ಮ ಅದೇ ರಾಗದಲ್ಲಿ ಮೈಮರೆತು ಹಾಡುತ್ತಿದ್ದಳು:

"ಕಾಯಿ ಸಾಲದು, ಹುಣಸೆ ಹೆಚ್ಚಾಯ್ತು, ಅಳಿಯಂಗೆ ಖಾರ ಆಗದು..."

ಹಾಡು ಗಕ್ಕನೆ ನಿಂತಿತು. ಆಮೇಲೆ ಅಮ್ಮನ ನಗು.

"ಅಯ್ಯೋ, ನಿಲ್ಲಿಸೇಬಿಟ್ರಾ! ಮೂರನೇ ನುಡಿ ನಂಗೆ ಮರ್ತೇ ಹೋಗಿದೆ ಅಳಿಯಂದ್ರೇ. ಗಲಾಟೇಲಿ ಬಾಯಿಗೆ ಬಂದಿದ್ದು ಹಾಡ್ಬಿಡ್ತೀನಿ. ಆರತಿ ತಟ್ಟೆ ತನ್ನಿ ಅಂತ ಕೂಗಿ ಗಲಾಟೆ ಎಬ್ಬಿಸೋದೂ ನಾನೇ. ಸತ್ಯಂಗೆ ಮಾತ್ರ ಹೇಳ್ಬೇಡಿ, ಆಡ್ಕೊಂಡು ನಗ್ತಾಳೆ."

"ಹೇಳಲ್ಲ ಅತ್ತೆ" ಎಂದಿತು ಇವರ ದನಿ.

ನಕ್ಕೆನೋ ಅತ್ತೆನೋ ನನಗೇ ತಿಳಿಯದು. ತರಕಾರಿ ಚೀಲದೊಂದಿಗೆ ಇವರು ಒಳಗೆ ಬಂದಾಗ ಕೇಳಿದೆ.

"ಎಲ್ಲಿದೆ ಅಂತ ಗೊತ್ತಿತ್ತಲ್ವೇನ್ರೀ?"

ಕಂಪ್ಯೂಟರಿನ ಕಡೆ ನೋಡಿದರು. ಚೀಲ ಕೆಳಗಿಟ್ಟರು.

"ನನ್ನ ಸಿಸ್ಟಮ್ಮಲ್ಲಿ ಏನೂ ಕಳೆಯಲ್ಲ" ಎಂದರು ಮೆಲ್ಲಗೆ. "ಅತ್ತೆಗೆ ಮಾತು ಕೊಟ್ಟಿದ್ದೆ."

ಮಧ್ಯಾಹ್ನವೆಲ್ಲ ನಾನು ಆಡಿಕೊಂಡದ್ದನ್ನು ಈ ಮನುಷ್ಯ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಿದ್ದರು. ಅವರ ಮೇಲೆ ನನಗೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಹಾಗಂತ ಹೇಳಲು ಹೋಗಲಿಲ್ಲ, ಕಾಫಿ ಮಾಡಿಕೊಟ್ಟೆ. ಕುಡಿಯುತ್ತಾ ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು.

ಮರುದಿನ ನಮ್ಮ ಮನೆಯಲ್ಲಿ ಬಳೆ ತೊಡಿಸುವಾಗ ಸಮನ್ವಿತಾ ನನ್ನ ಸೆರಗು ಹಿಡಿದು ಕೇಳಿದಳು. "ಸಿಕ್ತಾ ಅಮ್ಮ?"

"ಸಿಕ್ತು ಪುಟ್ಟಿ. ಪೂರ್ತಿ ಸಿಕ್ತು."

ಎರಡು ನುಡಿ ಹಾಡಿದೆ. ಮೂರನೆಯದಕ್ಕೆ ಅಡಿಗೆಮನೆಯ ಬಾಗಿಲ ಕಡೆ ನೋಡಿ ತಲೆಯಾಡಿಸಿದೆ. ಒಳಗೆ ಮಿಕ್ಸಿ ಗರ್ರೆಂದಿತು.

"ಏ ರಾಮಪ್ರಸಾದ, ಶಾಸ್ತ್ರದ ಹೊತ್ನಲ್ಲಿ ಏನೋ ನಿನ್ನ ಚಟ್ನಿ!" ಎಂದು ಇವರ ಅಕ್ಕ ಸುಬ್ಬಲಕ್ಷ್ಮಮ್ಮ ಕೂಗಿದರು. ಮಿಕ್ಸಿ ನಿಲ್ಲಲಿಲ್ಲ. ಕಾಯಿ ಸಾಲದ್ದು, ಹುಣಸೆ ಹೆಚ್ಚಾದದ್ದು, ಅಳಿಯನ ಖಾರ, ಎಲ್ಲವನ್ನೂ ಭಕ್ತಿಯಿಂದ ಹಾಡಿ ಮುಗಿಸಿದೆ.

ಸಮನ್ವಿತಾ ಬಳೆ ತುಂಬಿದ ಕೈಗಳಿಂದ ನನ್ನನ್ನು ತಬ್ಬಿಕೊಂಡು ಅತ್ತಳು. "ಥೇಟ್ ಅಜ್ಜಿ ಹಾಡ್ದಂಗೇ ಇತ್ತಮ್ಮ."

ನನ್ನಿಂದಲೂ ತಡೆಯಲಾಗಲಿಲ್ಲ, ಅಷ್ಟು ಜನರ ಎದುರಿಗೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ನಾನು ಕಣ್ಣೊರೆಸಿಕೊಳ್ಳುವವರೆಗೂ ಅವರು ಮಿಕ್ಸಿ ನಿಲ್ಲಿಸಲಿಲ್ಲ.