ನೆಲ ಹಿಡಿದ ಗಾಳಿ

ಎರಡೇ ದಿನಕ್ಕೆ ಅನಿಲದ ಸಿಲಿಂಡರು ಬರಿದಾಗಿತ್ತು. ಮನೆಯಲ್ಲೇ ಬಿಯರ್ ಮಾಡಿ ಉಕ್ಕಿನ ಪೀಪಾಯಿಗಳಲ್ಲಿ ತುಂಬಿಡುವುದು ಲೈಲ್‌ನ ಹನ್ನೊಂದು ವರ್ಷದ ಹುಚ್ಚು. ಬಿಯರಿಗೆ ನೊರೆ ಕೊಡುವ ಆ ಇಂಗಾಲದ ಡೈಆಕ್ಸೈಡ್ ಅನಿಲ ಎರಡು ತಿಂಗಳಾದರೂ ಬಾಳಬೇಕಿತ್ತು. ಎಲ್ಲೋ ಸೋರುತ್ತಿದೆ ಎಂದು ಗೊತ್ತಿದ್ದೂ ಅವನು ಬುಧವಾರ ಸಂಜೆ ಹೊಸ ಸಿಲಿಂಡರು ಸಿಕ್ಕಿಸಿ, ವಿಸ್ಕಾನ್ಸಿನ್ನಿನ ಜನವರಿ ಚಳಿ ಒಳಗೆ ನುಗ್ಗದಂತೆ ನೆಲಮಾಳಿಗೆಯ ಬಾಗಿಲು ಬಿಗಿಯಾಗಿ ಎಳೆದು ಬಂದ.

ಗುರುವಾರ ಬೆಳಿಗ್ಗೆ ಸೋಪಿನ ನೀರು, ಕುಂಚ ಹಿಡಿದು ಕೆಳಗಿಳಿದ. ಸೋರುವ ಕಡೆ ಗುಳ್ಳೆ ಏಳುತ್ತದೆ. ಮೇಲಿನ ಕೊಳವೆಗಳಿಗೆ ಬಳಿದ, ಗುಳ್ಳೆಯಿಲ್ಲ. ಮೂಲೆಯ ಪೀಪಾಯಿ ನೋಡಲು ಮಂಡಿಯೂರಿದ್ದೇ ತಡ, ಸೋಡಾ ಮೂಗಿಗೇರಿದಂತೆ ಚುರ್ ಎಂದಿತು. ಓಡಿಬಂದ ನಾಯಿಯಂತೆ ಏದುಸಿರು ಬಿಡತೊಡಗಿದ. ಎಷ್ಟು ಎಳೆದುಕೊಂಡರೂ ಸಾಲದು. ಅವನಿಗೆ ಅರ್ಥವಾಯಿತು: ಗಾಳಿಗಿಂತ ಭಾರದ ಅನಿಲ ರಾತ್ರಿಯಿಡೀ ಸೋರಿ ನೆಲ ಹಿಡಿದು ಕೂತಿದೆ, ತಾನು ಅದರೊಳಗೆ ತಲೆಯಿಟ್ಟಿದ್ದೇನೆ. ಏಳಲು ಹೋದ. ಕಾಲು ಮಾತು ಕೇಳಲಿಲ್ಲ.

"ಲೈಲ್, ಮೊಟ್ಟೆ ಆರೋಗ್ತಿದೆ," ಮೇಲಿನಿಂದ ಹೆಂಡತಿ ಆರ್ಡಿಸ್ ಕೂಗಿದಳು. "ನೀನು ಆ ಪೀಪಾಯಿಗಳನ್ನೇ ಮದ್ವೆ ಆಗ್ಬೇಕಿತ್ತು ಕಣೋ."

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ಅಲ್ಲಿಯವರೆಗಿನ ಭಯ ಏನೂ ಅಲ್ಲ ಎನಿಸುವಂಥ ಭಯ ಆಗ ಬಂತು. ತನ್ನನ್ನು ಎತ್ತಲು ಅವಳು ಬಗ್ಗುತ್ತಾಳೆ. ಬಗ್ಗಿದರೆ ಮುಗಿಯಿತು.

"ಬರ್ಬೇಡ," ಎಂದ. ದನಿ ಹೊರಡಲಿಲ್ಲ. ಇದ್ದಬದ್ದ ಉಸಿರೆಲ್ಲ ಒಟ್ಟು ಮಾಡಿ ಇನ್ನೊಮ್ಮೆ ಎಂದ: "ಬರ್ಬೇಡ. ಅನಿಲ."

ಹೆಜ್ಜೆ ನಿಂತಿತು. ಮರುಕ್ಷಣ ಮೇಲಕ್ಕೆ ಓಡಿತು. ಆಮೇಲೆ ಏನೂ ಇಲ್ಲ. ಕಣ್ಣ ಅಂಚು ಕಪ್ಪಾಗುತ್ತಿತ್ತು. ಅವಳು ಉಳಿದಳಲ್ಲ ಎಂದುಕೊಂಡ. ಹೀಗೇ ಒಬ್ಬನೇ ಹೋಗುವುದೇ ಎಂದೂ ಅಂಜಿದ.

ಅಷ್ಟರಲ್ಲಿ ಅಂಗಳದಿಂದ ನೆಲಮಾಳಿಗೆಗೆ ಇಳಿಯುವ ಇಳಿಜಾರು ಕದದ ಮೇಲೆ ಸಲಿಕೆ ಹಿಮ ಕೆರೆಯುವ ಸದ್ದು. ಕದ ತೆರೆದು ಬೆಳಕೂ ಕೊರೆಯುವ ಗಾಳಿಯೂ ಒಟ್ಟಿಗೆ ಬಿದ್ದವು.

"ಎದ್ದು ನಿಲ್ಲು. ಕೂತ್ರೆ ಸಾಯ್ತೀಯ ಮುದುಕಪ್ಪ, ನಿಲ್ಲು," ಆರ್ಡಿಸ್ ಕದದಾಚೆಯಿಂದ ಕೂಗಿದಳು.

ಕಪಾಟು ಹಿಡಿದು ಎದ್ದ. ಮೂರು ಹೆಜ್ಜೆಗೆ ಎರಡು ಸಲ ಮುಗ್ಗರಿಸಿದ. ಅವಳು ಮೇಲಿನಿಂದಲೇ ಅವನ ಕಾಲರಿಗೆ ಕೈಹಾಕಿ ಹಿಮಕ್ಕೆ ಎಳೆದಳು. ಅವಳ ಕಾಲಲ್ಲಿ ಮನೆಯೊಳಗಿನ ಬಟ್ಟೆಯ ಚಪ್ಪಲಿ.

ಅವಳು ಫೋನ್ ಮಾಡಿ ಕರೆಸಿದ ಅಗ್ನಿಶಾಮಕ ದಳದವರು ಮನೆಗೆ ಗಾಳಿಯಾಡಿಸಿದರು. "ನೀವು ಕೆಳಗಿಳೀದೆ ಇದ್ದದ್ದೇ ಒಳ್ಳೇದಾಯ್ತಮ್ಮ," ಎಂದನೊಬ್ಬ. "ಇಲ್ದಿದ್ರೆ ಇಬ್ರನ್ನ ಹೊರ್ಬೇಕಾಗಿತ್ತು ನಾವು." ಆರ್ಡಿಸ್ ಲೈಲ್‌ನ ಕಾಲರನ್ನು ಮತ್ತೆ ಹಿಡಿದುಕೊಂಡಳು.

ಸೋರಿದ್ದು ಮೂಲೆಯ ಪೀಪಾಯಿಯ ಮುಚ್ಚಳದಲ್ಲಿ. ಒಳಗಿನ ರಬ್ಬರ್ ಬಳೆ ಒಣಗಿ ಕೂದಲೆಳೆಯಷ್ಟು ಸೀಳಿತ್ತು. ಲೈಲ್ ಎಲ್ಲ ಬಳೆಗಳನ್ನೂ ಬದಲಿಸಿ ಗ್ರೀಸ್ ಸವರಿದ. ಸಿಲಿಂಡರು ಗ್ಯಾರೇಜಿಗೆ ಹೋಯಿತು, ನೆಲಮಾಳಿಗೆಯ ಗೋಡೆಗೆ ಮಂಡಿಯೆತ್ತರದಲ್ಲಿ, ಅನಿಲ ಸೋರಿದರೆ ಬಡಿದುಕೊಳ್ಳುವ ಎಚ್ಚರಿಕೆ ಗಂಟೆ ಬಂತು. ಬಳಸದಾಗ ಸಿಲಿಂಡರಿನ ತಿರುಪು ಮುಚ್ಚುವುದು ರೂಢಿಯಾಯಿತು.

ಆದರೂ ಇವತ್ತಿಗೂ ಬೂಟಿನ ಲಾಡಿ ಕಟ್ಟಲು ಬಗ್ಗಿದಾಗ ಅವನು ಉಸಿರು ಬಿಗಿಹಿಡಿಯುತ್ತಾನೆ. ಆರ್ಡಿಸ್ ಅದನ್ನು ನೋಡಿಯೂ ತಮಾಷೆ ಮಾಡುವುದಿಲ್ಲ.