ಬಾಯಿಬಿಟ್ಟು ಹೇಳದ ಕಾಲುನೋವು

ರಾವೂರಿನ ಪ್ರೀತಿಗೆ ಕಾಲು ನೋಯುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ.

ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು, ಮನೆಯಲ್ಲಿ ಏನನ್ನೂ ಬೇಕೆಂದು ಕೇಳಿದವಳಲ್ಲ. ಚಿತ್ತಾಪುರದಲ್ಲಿ ಹೆಣ್ಣುಮಕ್ಕಳಿಗೆ ಐದು ಕಿಲೋಮೀಟರ್ ಓಟವಿದೆ ಎಂದು ತಿಳಿದಾಗ ಮಾತ್ರ, "ಅಪ್ಪಾ, ನಾ ಓಡ್ತೀನಿ" ಅಂದಿದ್ದಳು.

ಅಪ್ಪ ನರಸಪ್ಪ ಗಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿಕಲ್ಲು ಬಿಡಿಸುವವನು. ಮೈ ದಂಡಿಸಿದಷ್ಟೂ ಗಟ್ಟಿಯಾಗುತ್ತದೆ ಎಂದು ನಂಬಿದವನು. "ಓಡು. ಆದ್ರ ದಿನಾ ಐದಕ್ಕೈದೂ ಕಿಲೋಮೀಟರ್ ಓಡಬೇಕು. ಒಂದಿನ ತಪ್ಪಿದ್ರ ಎಲ್ಲಾ ಬಂದ್!"

ಹದಿನಾರು ದಿನ ಅವಳು ಗಣಿಯ ಗಟ್ಟಿ ರಸ್ತೆಯಲ್ಲಿ ಓಡಿದಳು. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಒಂದೇ ಜಾಗದಲ್ಲಿ ನೋವು. ಹೇಳಿದರೆ ಅಪ್ಪ ಓಟ ನಿಲ್ಲಿಸುತ್ತಾನೆ. ಹಲ್ಲು ಕಚ್ಚಿ ಓಡಿದಳು.

ಹದಿನೇಳನೆಯ ದಿನ ಬೆಳಿಗ್ಗೆ ಮನೆಗೆ ಬಂದ ಆಶಾ ಕಾರ್ಯಕರ್ತೆ ಜೈತುನ್ಬೀ ಬಾಗಿಲಲ್ಲೇ ಕೇಳಿದಳು, "ಯಾಕವ್ವಾ, ಒಂದೇ ಕಾಲಿನ ಮ್ಯಾಲ ನಿಂತೀ? ಕೊಕ್ಕರೆ ಆಗೀ ಏನು?"

ಅವ್ವ ಹಣಮಮ್ಮ ನಕ್ಕಳು. ಪ್ರೀತಿ ನಗಲಿಲ್ಲ. ಜೈತುನ್ಬೀ ಕೂತು ಎಲುಬಿನ ಮೇಲೆ ಬೆರಳಿಟ್ಟದ್ದೇ ಹುಡುಗಿಯ ಕಣ್ಣು ತುಂಬಿದವು.

"ಎಷ್ಟ ದಿನ ಆತು?"

"ಒಂದ ವಾರ, ಆಪಾ."

"ಕುಂತಾಗೂ ನೋಯ್ತದೇನು?"

"ಹೂಂ."

"ಹಂಗಾದ್ರ ಓಡೋದು ಇವತ್ತೇ ಬಂದ್ ಮಾಡು. ದವಾಖಾನಿಗೆ ನಡಿ."

ನರಸಪ್ಪ ರೇಗಿದ. "ಹೊಸದಾಗಿ ಓಡಿದ್ರ ನೋಯ್ತದ. ಮನ್ಯಾಗ ಕುಂತ್ರ ಓಡಾಕ ಬರ್ತದೇನು?"

"ನರಸಪ್ಪಣ್ಣ, ಪರ್ಸಿ ಬಿಡಿಸೋವಾಗ ಮೊದಲನೇ ಏಟಿಗೇ ಜೋರ ಹೊಡೀತೀರೇನು?"

"ಹುಚ್ಚ ಹಿಡದದೇನು? ಕಲ್ಲು ಒಡದು ಹೋಗ್ತದ. ಸಣ್ಣಗ ಬಡೀತಾ, ಬಡೀತಾ..." ಎನ್ನುತ್ತಲೇ ಅವನು ಮಗಳ ಕಾಲು ನೋಡಿದ, ಎದ್ದು ತಾನೇ ಅವಳನ್ನು ದವಾಖಾನೆಗೆ ಕರೆದೊಯ್ದ.

ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿದೆ ಎಂದರು ದವಾಖಾನೆಯ ಡಾಕ್ಟರು. ಎರಡು ತಿಂಗಳು ಓಡುವಂತಿಲ್ಲ. ಚಿತ್ತಾಪುರದ ಓಟ ಪ್ರೀತಿಯಿಲ್ಲದೆ ನಡೆಯಿತು. ಅಂದು ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ನೋಯ್ತದ ಅಂತ ಯಾಕ ಹೇಳಲಿಲ್ಲವ್ವಾ?" ಎಂದ ನರಸಪ್ಪ.

"ನೀ ಓಡಬ್ಯಾಡ ಅಂತೀ ಅಂತ ಅಂಜಿದ್ನಿ."

ಅವನು ಆ ದಿನ ಊಟ ಮಾಡಲಿಲ್ಲ.

ಡಾಕ್ಟರು ಒಪ್ಪಿದ ಮೇಲೆ ಪ್ರೀತಿ ಮತ್ತೆ ಶುರುಮಾಡಿದಳು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರಕ್ಕೆ ಮೂರೇ ದಿನ, ಹೊಲದ ಮಣ್ಣಿನ ದಾರಿಯಲ್ಲಿ. ವಾರ ಕಳೆದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚು. ಗಡಿಯಾರ ಹಿಡಿದು ನಿಲ್ಲುತ್ತಿದ್ದವನು ನರಸಪ್ಪನೇ. "ಸಾಕು, ಈಗ ನಡಿ! ಯಾರ ಬೆನ್ನ ಹತ್ತ್ಯಾರ ನಿಂಗ?"

ಮುಂದೆ ಶಹಾಬಾದಿನ ಓಟದಲ್ಲಿ ಪ್ರೀತಿ ಐದೂ ಕಿಲೋಮೀಟರ್ ಮುಗಿಸಿದಳು, ಕೊನೆಯಿಂದ ಮೂರನೆಯವಳಾಗಿ. ನರಸಪ್ಪ ಎಷ್ಟನೇ ನಂಬರು ಎಂದು ಕೇಳಲಿಲ್ಲ. ರಸ್ತೆಯ ಬದಿಗೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ನೋಯ್ತದೇನವ್ವಾ?"

ಪ್ರೀತಿ ಮುಚ್ಚಿಡಲಿಲ್ಲ. "ಭಾಳ ದಣದಾವ ಅಪ್ಪಾ, ಎರಡೂ ಕಾಲು. ನಾಳೆ ಓಡಂಗಿಲ್ಲ."

"ಬ್ಯಾಡ. ನಾಳೆ ಮಲಕೊ," ಎಂದು ಅವನು ನೀರಿನ ಬಾಟಲಿ ಕೊಟ್ಟ.

ಅಕ್ಕ ತಂಗಿಯರೇ, ನೀವೂ ಓಡಿರಿ. ನಿಧಾನವಾಗಿ ಶುರುಮಾಡಿರಿ, ನಡುವೆ ಕಾಲಿಗೆ ವಿಶ್ರಾಂತಿ ಕೊಡಿರಿ. ಒಂದೇ ಜಾಗದಲ್ಲಿ ನೋವು ನಿಂತರೆ ಓಟ ನಿಲ್ಲಿಸಿ ದವಾಖಾನೆಗೆ ಹೋಗಿರಿ. ಹಿರಿಯರೇ, ಮಗಳು ನೋವು ಎಂದರೆ ಗದರಬೇಡಿರಿ. ಅವಳು ಅಂಜದೆ ಹೇಳುವಂಥ ಮನೆ ನಿಮ್ಮದಾಗಲಿ.